ಗೃಹಸ್ಥವಿಚಾರ: ವರ್ಷಕ್ಕೆ ಏಳು ರಾತ್ರಿಗಳ ಮನೆ

ನೌಕರಿಯಿಂದ ನಿವೃತ್ತರಾದ ವಾಚಕ ಮಹಾಶಯರೊಬ್ಬರು, ಕೈಗೆ ಬಂದ ಗಂಟಿನಲ್ಲಿ ನಾಲ್ಕು ಲಕ್ಷ ರೂಪಾಯಿಗಳನ್ನು ಕೊಟ್ಟು ರಜಾವಿಹಾರದ ಸದಸ್ಯತ್ವವನ್ನು ಕೊಳ್ಳಬಹುದೇ ಎಂದು ನಮ್ಮನ್ನು ಕೇಳಿರುವರು. ಟೈಮ್‌ಶೇರ್ ಎಂಬ ಈ ಪದ್ಧತಿಯು 1960ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿದುದು. ನಮ್ಮ ದೇಶದಲ್ಲಿ 1986ರಲ್ಲಿ ಸ್ಟರ್ಲಿಂಗ್ ಕಂಪೆನಿಯೂ 1996ರಲ್ಲಿ ಮಹೀಂದ್ರ ಹಾಲಿಡೇಸ್ ಕಂಪೆನಿಯೂ ಸ್ಥಾಪಿತವಾದ ತರುವಾಯ ಮಧ್ಯಮವರ್ಗದ ಮನೆಗಳಿಗೂ ಇದರ ಪರಿಚಯವಾಯಿತು. ಮೊದಲು ದೊಡ್ಡದೊಂದು ಮೊತ್ತವನ್ನು ತೆತ್ತರೆ, ಕರಾರಿನಲ್ಲಿ ಹೇಳಿದಷ್ಟು ವರ್ಷಗಳವರೆಗೆ, ಹಲವೆಡೆ ಇಪ್ಪತ್ತೈದು ವರ್ಷಗಳವರೆಗೆ, ವರ್ಷಕ್ಕೆ ಏಳು ರಾತ್ರಿಗಳು ಕಂಪೆನಿಯ ವಿಹಾರಗೃಹಗಳಲ್ಲಿ ತಂಗಬಹುದು.

ಇಲ್ಲಿ ಕೊಳ್ಳತಕ್ಕ ವಸ್ತು ಯಾವುದು? ಮಡಿಕೇರಿಯಲ್ಲಿ ಒಂದು ಮನೆಯೇ ನಮ್ಮದಾಯಿತೆಂದು ಹಿಗ್ಗುವವರುಂಟು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ನಮ್ಮ ಕಲ್ಯಾಣದ ವಿಜ್ಞಾನೇಶ್ವರನು, ಮೂಲದ ಹಕ್ಕಿಲ್ಲದ ಬರಿಯ ಅನುಭೋಗವನ್ನು ಸ್ವತ್ತಿನ ಒಡೆತನವೆಂದು ಎಣಿಸಲಿಲ್ಲ. ಸಾಮಾನ್ಯವಾಗಿ ಈ ಸದಸ್ಯತ್ವದಲ್ಲಿ ದೊರೆಯುವುದು ತಂಗುವ ಹಕ್ಕು ಮಾತ್ರ. ನೆಲವೂ ಇಲ್ಲ, ಗೋಡೆಯೂ ಇಲ್ಲ. ಮಾರಲು ಹೊರಟರೆ ಕೊಂಡ ಬೆಲೆ ಬರುವುದು ದುರ್ಲಭ.

ಇನ್ನು ಲೆಕ್ಕ. ನಾಲ್ಕು ಲಕ್ಷವನ್ನು 25 ವರ್ಷಗಳ 175 ರಾತ್ರಿಗಳಿಗೆ ಹಂಚಿದರೆ ರಾತ್ರಿಗೆ ಸುಮಾರು 2,286 ರೂಪಾಯಿ ಬೀಳುವುದೆಂದು ಮಾರುವವರು ತೋರಿಸುವರು. ಭಾಗಾಕಾರವೇನೋ ಸರಿಯೇ, ಆದರೆ ಲೆಕ್ಕ ಅರ್ಧಕ್ಕೆ ನಿಂತಿದೆ. ಅದೇ ಹಣಕ್ಕೆ ಬ್ಯಾಂಕಿನಲ್ಲಿ ಶೇಕಡ 7ರ ಬಡ್ಡಿ ದೊರೆಯುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 28,000 ರೂಪಾಯಿ ಕೈಬಿಟ್ಟಂತಾಯಿತು. ಹೋಗಲಿ ಬಿಡಲಿ ತೆರಲೇಬೇಕಾದ ವಾರ್ಷಿಕ ಚಂದಾ ಒಂದುಂಟು. ಅದನ್ನು 20,000 ಎಂದೆಣಿಸಿದರೆ ಒಟ್ಟು 48,000, ಅಂದರೆ ರಾತ್ರಿಗೆ 6,857 ರೂಪಾಯಿ. ಊಟ, ಪ್ರಯಾಣ ಬೇರೆ. ಚಂದಾ ಏರುತ್ತ ಹೋಗುವುದು ವಾಡಿಕೆ. ವಾಯಿದೆ ತೀರಿದಾಗ ಬ್ಯಾಂಕಿನಲ್ಲಾದರೆ ಅಸಲು ಉಳಿದಿರುತ್ತದೆ. ಇಲ್ಲಿ ಅದೂ ಇಲ್ಲ.

ಮಕ್ಕಳ ರಜೆಯೆಂದರೆ ಏಪ್ರಿಲ್, ಮೇ ತಿಂಗಳುಗಳು, ತಪ್ಪಿದರೆ ದಸರೆ. ಎಲ್ಲ ಸದಸ್ಯರಿಗೂ ಬೇಕಾದುದು ಆ ದಿನಗಳೇ! ಕಡಮೆ ಬೆಲೆಯ ಸದಸ್ಯತ್ವವನ್ನು ಕೊಂಡವರಿಗೆ ಬಹುಶಃ ಮಳೆಗಾಲದ ಕೊಠಡಿಯೇ ಗತಿ. ಕೊಡಗಿನ ಮಳೆ ನೋಡಲು ಚೆನ್ನ, ನಿಜ; ಆದರೆ ಆಗ ಮೊಮ್ಮಕ್ಕಳು ಶಾಲೆಯಲ್ಲಿರುವರು.

ಪ್ರತಿವರ್ಷವೂ ತಪ್ಪದೆ ಸಂಚಾರ ಮಾಡುವ, ಬೇಕಾದಾಗ ರಜೆ ಪಡೆಯಬಲ್ಲ, ಹೇಗೂ ಅಂತಹ ಕೊಠಡಿಗೆ ಅಷ್ಟೇ ಬಾಡಿಗೆ ಕೊಡುತ್ತಿದ್ದ ಕುಟುಂಬಕ್ಕೆ ಇದು ಒಪ್ಪೀತು. ಅವರು ಕೂಡ ಉಡುಗೊರೆಯ ಆಸೆ ತೋರಿಸಿ ಕರೆದ ಸಂಜೆಯಲ್ಲಿಯೇ, ಈ ಬೆಲೆ ಇಂದಿಗೆ ಮಾತ್ರ ಎಂಬ ಮಾತಿಗೆ ಮರುಳಾಗಿ ಸಹಿಮಾಡಬಾರದು. ಯೂರೋಪಿನ ಒಕ್ಕೂಟದ 2008ರ ನಿಯಮದಂತೆ, ಸಹಿಮಾಡಿದವನು 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದೆಗೆಯಬಹುದು. ಅಷ್ಟರೊಳಗೆ ಮುಂಗಡವನ್ನೂ ಕೇಳಕೂಡದು. ನಮ್ಮಲ್ಲಿ ಸಹಿಗೆ ಮುಂಚೆಯೇ ಕರಾರುಪತ್ರವನ್ನು ಮನೆಗೆ ತಂದು, ಹಿಂದೆಗೆಯಲು ಎಷ್ಟು ದಿನ ಅವಕಾಶ, ಹಣ ಎಷ್ಟು ಮರಳುವುದು, ಚಂದಾ ಎಷ್ಟರವರೆಗೆ ಏರಬಹುದು ಎಂಬುದನ್ನು ಓದತಕ್ಕದ್ದು.

ಪತ್ರ ಬರೆದ ಮಹಾಶಯರಿಗೆ ಈಗ ಅರುವತ್ತೊಂದು; ಕರಾರು ಮುಗಿಯುವಾಗ ಎಂಬತ್ತಾರು. ಅವರ ಪತ್ನಿಗೆ ಮಂಡಿನೋವಂತೆ. ಹಣವನ್ನು ಬ್ಯಾಂಕಿನಲ್ಲಿಯೇ ಇರಿಸಿ, ಮೊಮ್ಮಕ್ಕಳಿಗೆ ರಜೆ ಬಂದಾಗ ಬಡ್ಡಿಯ ಹಣದಿಂದ ಮೂರು ದಿನ ಮಡಿಕೇರಿಗೆ ಹೋಗಿಬರಲಿ ಎಂದು ಅವರಿಗೆ ಬರೆದಿದ್ದೇವೆ.