ದಾನಪತ್ರಕ್ಕೆ ಕಾವಲುಗಾರರಾರು?

ಅಮೇರಿಕೆಯ ಫಿಲಡೆಲ್ಫಿಯಾ ನಗರದ ಡಾಕ್ಟರ ಆಲ್ಬರ್ಟ ಬಾರ್ನ್ಸರ ಚಿತ್ರಸಂಗ್ರಹವು ಅವರ ಇಚ್ಛೆಗೆ ವಿರುದ್ಧವಾಗಿ ಸ್ಥಳಾಂತರ ಹೊಂದಿದ ಪ್ರಸಂಗವನ್ನು, ಧರ್ಮದತ್ತಿಗಳಿಂದಲೇ ವಿದ್ಯಾಕ್ಷೇತ್ರವೆನಿಸಿದ ನಮ್ಮ ಧಾರವಾಡದ ಮಹಾಜನರು ಅರಿತಿರುವದು ಅವಶ್ಯವೆಂದು ನಮಗೆ ತೋರುತ್ತದೆ.

ಬಡವರ ಮನೆಯಲ್ಲಿ 1872ರಲ್ಲಿ ಹುಟ್ಟಿದ ಈ ಗೃಹಸ್ಥರು ಔಷಧ ವ್ಯಾಪಾರದಲ್ಲಿ ಗಳಿಸಿದ ದ್ರವ್ಯವನ್ನು ಚಿತ್ರಗಳಿಗಾಗಿ ವೆಚ್ಚ ಮಾಡಿದರು. ರೆನ್ವಾರನ 181, ಸೆಜಾನನ 69, ಮಾಟೀಸನ 59 ಚಿತ್ರಗಳು ಅವರಲ್ಲಿ ಕೂಡಿದವು. 1923ರಲ್ಲಿ ಸಂಗ್ರಹದ ಕೆಲಭಾಗವನ್ನು ಪ್ರದರ್ಶಿಸಿದಾಗ ನಗರದ ಪ್ರತಿಷ್ಠಿತರು ಮೂಗು ಮುರಿದರು. ಅದೇ ನಗರವು ಮುಂದೆ ಅವುಗಳಿಗಾಗಿ ಹಂಬಲಿಸಿದ್ದು ವಿಧಿವಿಲಾಸವೇ ಸರಿ! ಬಾರ್ನ್ಸರು 1922ರಲ್ಲಿ ನಗರದ ಹೊರಗೆ ಮೆರಿಯನ್ನಿನಲ್ಲಿ ಸ್ಥಾಪಿಸಿದ್ದು ವಿದ್ಯಾಸಂಸ್ಥೆಯೇ ಹೊರತು ಪ್ರದರ್ಶನಶಾಲೆಯಲ್ಲ. ತಮ್ಮ ತರುವಾಯ ಚಿತ್ರಗಳು ಇದ್ದ ಗೋಡೆಯ ಮೇಲೆ ಇದ್ದಂತೆಯೇ ಇರತಕ್ಕದ್ದು, ಅವುಗಳನ್ನು ಮಾರತಕ್ಕದ್ದಲ್ಲ, ಎರವು ಕೊಡತಕ್ಕದ್ದಲ್ಲವೆಂದು ಪತ್ರದಲ್ಲಿ ಬರೆದರು. ವಿಶ್ವಸ್ತರಲ್ಲಿ ಹೆಚ್ಚಿನವರನ್ನು ನೇಮಿಸುವ ಅಧಿಕಾರವನ್ನು ಕಪ್ಪುಜನರ ವಿದ್ಯಾಪೀಠವಾದ ಲಿಂಕನ್ನಿಗೆ ಕೊಟ್ಟರು. 1951ರಲ್ಲಿ ಮೋಟಾರ ಅಪಘಾತದಲ್ಲಿ ತೀರಿಕೊಂಡರು.

ಬರಬರುತ್ತ ಮೂಲಧನವು ಕರಗಿತು. ಇದರಲ್ಲಿ ದಾನಿಯ ದೋಷವಿಲ್ಲವೆನ್ನಲಾರೆವು. ಹಣ ತೊಡಗಿಸುವ ಮಾರ್ಗಗಳನ್ನು ಅವರೇ ಬಿಗಿದಿದ್ದರು. ಉಳಿದುದನ್ನು ವ್ಯಾಜ್ಯಗಳು ನುಂಗಿದವು. 2002ರಲ್ಲಿ ವಿಶ್ವಸ್ತರೇ ಕೋರ್ಟಿಗೆ ಹೋಗಿ, ಚಿತ್ರಗಳನ್ನು ನಗರಕ್ಕೆ ಒಯ್ಯಲು ಅಪ್ಪಣೆ ಬೇಡಿದರು. ಪ್ಯೂ ಮೊದಲಾದ ಮೂರು ಶ್ರೀಮಂತ ನಿಧಿಗಳು 15 ಕೋಟಿ ಡಾಲರ ಕೂಡಿಸಿಕೊಡಲು ಸಿದ್ಧವಾಗಿದ್ದವು. ಚಿತ್ರಗಳು ನಗರಕ್ಕೆ ಬಂದರೆ ಮಾತ್ರ! 2004ರ ಡಿಸೆಂಬರದಲ್ಲಿ ಅಪ್ಪಣೆ ದೊರೆಯಿತು. ವಿಶ್ವಸ್ತರ ಸಂಖ್ಯೆ 5ರಿಂದ 15ಕ್ಕೆ ಏರಿತು; ಲಿಂಕನ್ನಿನ ಬಹುಮತವು ಮುಳುಗಿತು. ಈ ಮಾತನ್ನು ನಮ್ಮ ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

2012ರಲ್ಲಿ ಹೊಸ ಮಂದಿರವು ತೆರೆಯಿತು. ಹಳೆಯ ಕೋಣೆಗಳ ಅಚ್ಚಿನಂತೆ ಕೋಣೆಗಳು, ಅದೇ ಕ್ರಮದಲ್ಲಿ ಚಿತ್ರಗಳು. ಈಗ ಹೆಚ್ಚು ಜನರು ನೋಡುತ್ತಾರೆಂಬ ಸಮಾಧಾನವು ಸುಳ್ಳಲ್ಲ. ಆದರೆ ಮೆರಿಯನ್ನಿನ ಬಾಗಿಲು ಸಾರ್ವಜನಿಕರಿಗೆ 1961ರಿಂದಲೇ ತೆರೆದಿತ್ತು. ಸಂಗ್ರಹವು ಅಲ್ಲಿಯೇ ಉಳಿಯಲೆಂದು ಮಾಂಟ್‌ಗಮರಿ ಜಿಲ್ಲೆಯವರು 2007ರಲ್ಲಿ 5 ಕೋಟಿ ಡಾಲರಿನ ಯೋಜನೆಯನ್ನು ಮುಂದಿಟ್ಟಿದ್ದರು. ಅದನ್ನು ಸ್ವೀಕರಿಸಲಿಲ್ಲ. ನೆರೆಯ ನಾಗರಿಕರು ಕೋರ್ಟಿನ ಕಟ್ಟೆ ಹತ್ತಿದಾಗ, ನಿಮಗೆ ಈ ವಿಷಯದಲ್ಲಿ ದಾವೆಯ ಹಕ್ಕೇ ಇಲ್ಲವೆಂದು 2008ರಲ್ಲಿ ಹೇಳಿ ಕಳಿಸಲಾಯಿತು. ಆ ಹಕ್ಕಿದ್ದದ್ದು ಸಂಸ್ಥಾನದ ಅಟರ್ನಿ ಜನರಲ್ಲರಿಗೆ. ಅವರೋ ಸ್ಥಳಾಂತರದ ಪಕ್ಷದವರು! ಕಾಯಬೇಕಾದವನೇ ಬಾಗಿಲು ತೆರೆದ ಮೇಲೆ ಸತ್ತ ದಾನಿಯ ಪರವಾಗಿ ಮಾತಾಡುವವರಾರು?

ನಮ್ಮ ಕಾಯದೆಯು ಇಷ್ಟು ಕೃಪಣವಲ್ಲ. ಸಾರ್ವಜನಿಕ ಧರ್ಮದತ್ತಿಯಲ್ಲಿ ವಿಶ್ವಾಸಭಂಗವಾದರೆ, ಅದರಲ್ಲಿ ಹಿತಸಂಬಂಧವುಳ್ಳ ಇಬ್ಬರು ಕೂಡಿ ಕೋರ್ಟಿನ ಅನುಮತಿಯಿಂದ ದಾವೆ ಹೂಡಬಹುದೆಂದು ದಿವಾಣಿ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು ಹೇಳುತ್ತದೆ. ಮೊದಲು ಇದಕ್ಕೆ ಅಡ್ವೋಕೇಟ ಜನರಲ್ಲರ ಒಪ್ಪಿಗೆ ಬೇಕಾಗಿತ್ತು. 1976ರ ತಿದ್ದುಪಡಿಯಿಂದ ಆ ತೊಡಕೂ ತಪ್ಪಿದೆ. ಆದರೆ ಪತ್ರದಲ್ಲಿ ಏನು ಬರೆದಿದೆಯೆಂದು ತಿಳಿಯದವನು ಭಂಗವನ್ನು ಹೇಗೆ ಗುರುತಿಸುವನು? ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಮೃತ್ಯುಪತ್ರ ಬರೆದು ತಮ್ಮ ಆಸ್ತಿಯನ್ನು ವಿದ್ಯೆಗೆ ಬಿಟ್ಟುಕೊಟ್ಟರು. ಅಂಥ ದತ್ತಿಗಳ ಬಲದಿಂದ ಓದಿ ವಕೀಲರೂ ಅಧಿಕಾರಿಗಳೂ ಆದವರು ಈ ಊರಿನಲ್ಲಿ ಅನೇಕರಿರುವರು. ಅವರಲ್ಲಿ ದಾನಪತ್ರವನ್ನು ಒಮ್ಮೆಯಾದರೂ ತೆಗೆದು ಓದಿದವರೆಷ್ಟು ಜನ?