ಕಾನೂನು ಮತ್ತು ಸಂಸಾರ: ಪ್ರತಿವಾದಿಯು ಬಾರದಿದ್ದರೆ

ಮಗುವಿನ ಪಿತೃತ್ವವನ್ನು ಪತಿಯು ಅಲ್ಲಗಳೆದಾಗ, ಅದರ ಘೋಷಣೆಗಾಗಿ ತಾಯಿಯು ಕೌಟುಂಬಿಕ ನ್ಯಾಯಾಲಯದಲ್ಲಿ ದಾವೆ ಹೂಡಿದಳೆಂದಿಟ್ಟುಕೊಳ್ಳಿ. ಸಮನ್ಸು ಮುಟ್ಟಿಯೂ ಆತನು ಹಾಜರಾಗಲಿಲ್ಲ. ನ್ಯಾಯಾಲಯವು ಏಕಪಕ್ಷೀಯ ವಿಚಾರಣೆಗೆ ಆಜ್ಞಾಪಿಸಿತು. ಗೆದ್ದೆವೆಂದು ಮನೆಯವರು ಇಷ್ಟಕ್ಕೇ ನಿಶ್ಚಿಂತರಾಗುವುದುಂಟು. ಆದರೆ ಪ್ರತಿವಾದಿಯ ಗೈರುಹಾಜರಿಯೇ ಸಾಕ್ಷ್ಯವಾಗದು.

ತಾಯಿಯು ಪ್ರಮಾಣಪೂರ್ವಕವಾಗಿ ಹೇಳಿಕೆಯಿತ್ತು, ವಿವಾಹದ ದಾಖಲೆ, ಮಗುವಿನ ಜನನಪತ್ರ ಮೊದಲಾದವನ್ನು ಹಾಜರುಪಡಿಸಬೇಕು. ಊರ್ಜಿತ ವಿವಾಹವಿದ್ದಾಗ ಹುಟ್ಟಿದ ಮಗು ಪತಿಯದೇ ಎಂಬುದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮಿನ ನಿಯಮ; ಗರ್ಭಧಾರಣೆಯ ಕಾಲದಲ್ಲಿ ದಂಪತಿಗಳು ಕೂಡುವ ಅವಕಾಶವೇ ಇರಲಿಲ್ಲವೆಂದು ರುಜುವಾತಾದರೆ ಮಾತ್ರ ಬೇರೆ. ಆದುದರಿಂದ ವಿವಾಹದ ದಾಖಲೆಯು ಇಲ್ಲಿ ಬಹುಮುಖ್ಯ.

ಡಿಕ್ರಿಯಾದೊಡನೆ ಅದರ ದೃಢೀಕೃತ ನಕಲನ್ನು ಪಡೆದಿಟ್ಟುಕೊಳ್ಳಿರಿ. ಡಿಕ್ರಿಯಾದ 30 ದಿನಗಳೊಳಗೆ ಪ್ರತಿವಾದಿಯು ತಕ್ಕ ಕಾರಣ ತೋರಿಸಿ ಅದರ ರದ್ದತಿಯನ್ನು ಕೋರಬಹುದು. ಸಮನ್ಸು ಸಕ್ರಮವಾಗಿ ಜಾರಿಯಾಗಿರದಿದ್ದರೆ, ಈ ಅವಧಿಯು ಆತನಿಗೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ ಆರಂಭವಾಗುತ್ತದೆ. ಆ ದಿನ ವರ್ಷಗಳ ಬಳಿಕವೂ ಬರಬಹುದು. ಆದಕಾರಣ ಸಮನ್ಸಿನಲ್ಲಿರುವ ವಿಳಾಸವನ್ನೂ ಜಾರಿಯ ವರದಿಯನ್ನೂ ವಕೀಲರೊಡನೆ ಕುಳಿತು ಮೊದಲೇ ಪರಿಶೀಲಿಸುವುದು ಲೇಸು. ಮಗುವಿನ ಹಕ್ಕು ನಿಂತಿರುವುದು ಆ ಕಾಗದದ ಮೇಲೆಯೇ.