ನಿರ್ಣಾಯಕ ಪಂದ್ಯಗಳು ಮತ್ತು ಅಭಿಮಾನಿಯ ಆರೋಗ್ಯ

ಉದ್ಯೋಗವನ್ನರಸಿ ತಾಯ್ನಾಡನ್ನು ಬಿಟ್ಟು ಬಂದ ಕನ್ನಡಿಗನು ತನ್ನ ನೆಲದ ನಂಟನ್ನು ಹಲವು ಬಗೆಯಲ್ಲಿ ಕಾಪಾಡಿಕೊಂಡು ಬರುತ್ತಾನೆ. ಮನೆಯ ಮಾತು, ಹಬ್ಬದ ಅಡಿಗೆ, ಸಂಘದ ರಾಜ್ಯೋತ್ಸವ ಇವುಗಳ ಸಾಲಿನಲ್ಲಿ ಕ್ರಿಕೆಟ್ಟಿಗೂ ಒಂದು ಸ್ಥಾನವಿದೆ. ಪುಣೆ-ಸೊಲ್ಲಾಪುರ ಹೆದ್ದಾರಿಯ ಮೇಲೆ, ದೌಂಡ್ ತಾಲ್ಲೂಕಿನಲ್ಲಿರುವ ಕುರಕುಂಭವನ್ನೇ ತೆಗೆದುಕೊಳ್ಳಬಹುದು. ರಾಸಾಯನಿಕ ಹಾಗೂ ಔಷಧ ಕಾರ್ಖಾನೆಗಳಿಂದ ತುಂಬಿದ ಕೈಗಾರಿಕಾ ವಸಾಹತು ಅದು. ಅಂತಹ ಕಡೆ ಪಾಳಿಯ ಮೇಲೆ ದುಡಿಯುವ ಕನ್ನಡಿಗನ ಕಿವಿಗೆ ದಿನವಿಡೀ ಬೀಳುವುದು ಮರಾಠಿ ಮತ್ತು ಹಿಂದಿ. ಸಂಜೆ ಟಿ.ವಿ.ಯಲ್ಲಿ ಬೆಂಗಳೂರಿನ ಹೆಸರು ಕಂಡೊಡನೆ ಅವನಿಗೆ ಊರೇ ಕಣ್ಣೆದುರು ಬಂದಂತಾಗುವುದು ಸಹಜ. ಈ ಅಭಿಮಾನವನ್ನು ಹಗುರವಾಗಿ ಕಾಣುವುದು ತರವಲ್ಲ. ಆದರೆ ಆ ಅಭಿಮಾನಕ್ಕೆ ಶರೀರವು ತೆರುತ್ತಿರುವ ಬೆಲೆಯನ್ನು ಲೆಕ್ಕ ಹಾಕದಿರುವುದೂ ತರವಲ್ಲ.

ಹಿಂದಿನ ತಲೆಮಾರಿನವರಿಗೂ ಈ ಹುಚ್ಚು ಇತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಅದೇ ಋತುವಿನಲ್ಲಿ, ಅಂದರೆ 1973-74ರಲ್ಲಿ, ಪ್ರಸನ್ನ ಅವರ ನಾಯಕತ್ವದ ತಂಡವು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಹಿಂದಿಕ್ಕಿತು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಸತತವಾಗಿ 15 ವರ್ಷ ಆ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಮುಂಬಯಿಯ ಯಜಮಾನಿಕೆ ಅಲ್ಲಿಗೆ ಮುಗಿಯಿತು. ಮಹಾರಾಷ್ಟ್ರದಲ್ಲಿ ನೆಲೆಸಿದ್ದ ಕನ್ನಡಿಗರಿಗೆ ಅದು ಎಂತಹ ಹಿಗ್ಗನ್ನು ತಂದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2014ರಲ್ಲಿ ಹೈದರಾಬಾದಿನ ಫೈನಲ್‌ನಲ್ಲಿ ಕರ್ನಾಟಕವು ಮಹಾರಾಷ್ಟ್ರವನ್ನೇ 7 ವಿಕೆಟುಗಳಿಂದ ಸೋಲಿಸಿದಾಗ ಪುಣೆಯ ಕನ್ನಡಿಗನು ಹಿಗ್ಗನ್ನು ನೆರೆಯವರೆದುರು ಅಡಗಿಸಿಕೊಳ್ಳಬೇಕಾದ ಸಂದರ್ಭವೂ ಒದಗಿತು.

ಆ ಕಾಲಕ್ಕೂ ಈ ಕಾಲಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ರಣಜಿ ಪಂದ್ಯ ಹಗಲಿನದು. ಸಂಜೆಗೆ ಆಟ ನಿಲ್ಲುತ್ತಿತ್ತು. ಆಟಗಾರನೂ ಮಲಗುತ್ತಿದ್ದ, ಅಭಿಮಾನಿಯೂ ಮಲಗುತ್ತಿದ್ದ. ಮರುದಿನದ ಪತ್ರಿಕೆಯವರೆಗೆ ಕಾಯುವ ತಾಳ್ಮೆಯನ್ನು ಆ ಆಟವೇ ಕಲಿಸುತ್ತಿತ್ತು. ಇಂದಿನ ಐ.ಪಿ.ಎಲ್. ಪಂದ್ಯವು ರಾತ್ರಿ ಏಳೂವರೆಗೆ ಆರಂಭವಾಗಿ ಹನ್ನೊಂದು ಗಂಟೆಯನ್ನು ದಾಟುತ್ತದೆ. ಲೀಗ್ ಹಂತ ಮುಗಿದ ಮೇಲೆ ಮೊದಲ ನಾಲ್ಕು ತಂಡಗಳಿಗೆ ಪ್ಲೇಆಫ್ ಪಂದ್ಯಗಳು. ಮೊದಲೆರಡು ಸ್ಥಾನದವರಿಗೆ ಸೋತರೂ ಮತ್ತೊಂದು ಅವಕಾಶವುಂಟು. ಮೂರು ನಾಲ್ಕನೆಯವರಿಗೆ ಸೋಲೆಂದರೆ ಮನೆಯ ದಾರಿ. ಎರಡು ತಿಂಗಳ ಆಸೆಯೆಲ್ಲ ನಾಲ್ಕು ರಾತ್ರಿಗಳಲ್ಲಿ ತೀರ್ಮಾನವಾಗಬೇಕು.

ಬೆಂಗಳೂರಿನ ತಂಡದ ಅಭಿಮಾನಿಯಂತೂ ಈ ರಾತ್ರಿಗಳಲ್ಲಿ ಬೆಂದವನು. 2009ರ ಫೈನಲ್‌ನಲ್ಲಿ 6 ರನ್ನುಗಳ ಸೋಲು. 2011ರಲ್ಲಿ ಮತ್ತೆ ಸೋಲು. 2016ರಲ್ಲಿ ಬೆಂಗಳೂರಿನ ಮೈದಾನದಲ್ಲಿಯೇ 8 ರನ್ನುಗಳ ಸೋಲು. "ಈ ಸಲ ಕಪ್ ನಮ್ದೇ" ಎಂಬ ಮಾತನ್ನು ವರ್ಷವರ್ಷವೂ ಹೇಳಿ, ನಗೆಪಾಟಲಿಗೂ ಗುರಿಯಾಗಿ, 18ನೆಯ ಋತುವಿನಲ್ಲಿ ಅವನು ಗೆಲುವನ್ನು ಕಂಡ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನುಗಳಿಂದಲೇ ಸೋಲಿಸಿ ಬೆಂಗಳೂರು ಕಪ್ಪನ್ನು ಎತ್ತಿತು. ಇಂತಹ ಕಾಯುವಿಕೆ ಕನ್ನಡಿಗನಿಗಷ್ಟೇ ಮೀಸಲಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಶಿಕಾಗೊ ಕಬ್ಸ್ ತಂಡವು 1908ರ ಅನಂತರ ವರ್ಲ್ಡ್ ಸೀರೀಸನ್ನು ಮತ್ತೆ ಗೆದ್ದದ್ದು 2016ರಲ್ಲಿ, 108 ವರ್ಷಗಳ ಮೇಲೆ. ಅಲ್ಲಿಯೂ ಅಕ್ಟೋಬರ್ ತಿಂಗಳ ನಿರ್ಣಾಯಕ ಪಂದ್ಯಗಳು ಅಭಿಮಾನಿಯ ನಿದ್ದೆಯನ್ನು ಕಸಿಯುತ್ತವೆ. 2018ರ ವರ್ಲ್ಡ್ ಸೀರೀಸಿನ ಮೂರನೆಯ ಪಂದ್ಯವು 7 ಗಂಟೆ 20 ನಿಮಿಷ ನಡೆದು ಮಧ್ಯರಾತ್ರಿಯನ್ನು ದಾಟಿತ್ತು.

ಈ ಉದ್ವೇಗವು ಮನಸ್ಸಿನಲ್ಲಿಯೇ ಉಳಿಯುತ್ತದೆಂದು ಭಾವಿಸುವುದು ತಪ್ಪು. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ತುರ್ತು ಹೃದ್ರೋಗ ಪ್ರಕರಣಗಳ ಲೆಕ್ಕವಿಟ್ಟು, 2008ರಲ್ಲಿ ಪ್ರಕಟಿಸಿದರು. ಜರ್ಮನಿಯ ತಂಡ ಆಡಿದ ದಿನಗಳಲ್ಲಿ ಅಂತಹ ಪ್ರಕರಣಗಳು ಸಾಮಾನ್ಯ ದಿನಗಳ 2.66 ಪಟ್ಟು ಇದ್ದವು. ಗಂಡಸರಲ್ಲಿ ಈ ಪ್ರಮಾಣ 3.26 ಪಟ್ಟು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲಿಯೇ ಇವುಗಳ ಪ್ರಮಾಣ ಅತಿ ಹೆಚ್ಚಾಗಿತ್ತು. ಮೊದಲೇ ಹೃದಯದ ಕಾಯಿಲೆಯಿದ್ದವರಿಗೆ ಅಪಾಯ ಇನ್ನೂ ಹೆಚ್ಚು. ಉದ್ವೇಗದಲ್ಲಿ ಅಡ್ರಿನಲಿನ್ ಸ್ರವಿಸುತ್ತದೆ, ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡ ಏರುತ್ತದೆ. ಆರೋಗ್ಯವಂತನ ಹೃದಯ ಇದನ್ನು ತಾಳಿಕೊಳ್ಳುತ್ತದೆ. ಆದರೆ ಕಿರಿದಾದ ರಕ್ತನಾಳಗಳ ಹೃದಯಕ್ಕೆ ಇದು ಏರುದಾರಿಯಲ್ಲಿ ಓಡಿದಂತೆ. ಜತೆಗೆ ಸಿಗರೇಟು, ಉಪ್ಪು ಹೆಚ್ಚಾದ ಚಿವಡಾ ಫರಸಾಣ, ಪಂದ್ಯದ ಗಲಾಟೆಯಲ್ಲಿ ಮರೆತುಹೋದ ರಾತ್ರಿಯ ಮಾತ್ರೆ ಸೇರಿದರೆ ಕೇಳಬೇಕೆ?

ಕುರಕುಂಭದಂತಹ ಊರಿನಲ್ಲಿ ಮತ್ತೊಂದು ಅಪಾಯ ಇದಕ್ಕಿಂತ ಹತ್ತಿರದ್ದು, ಅದು ನಿದ್ರಾಭಂಗದ್ದು. ಮೊದಲನೆಯ ಪಾಳಿಗಾಗಿ ಬೆಳಗ್ಗೆ ಐದಕ್ಕೆ ಎದ್ದವನು ರಾತ್ರಿ ಹತ್ತರ ಹೊತ್ತಿಗೆ 17 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತು ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುವುದೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ಭಾರತದಲ್ಲಿ ವಾಹನ ನಡೆಸುವವನಿಗೆ ಕಾನೂನು ವಿಧಿಸಿರುವ ಮಿತಿ 30 ಮಿಲಿಗ್ರಾಂ ಮಾತ್ರ. ಅಂದರೆ ಒಂದು ಹನಿ ಮದ್ಯವನ್ನು ಮುಟ್ಟದವನೂ ಪಂದ್ಯ ಮುಗಿಸಿ ಸರಿರಾತ್ರಿಯಲ್ಲಿ ಮೋಟಾರ್ ಸೈಕಲ್ ಏರಿ ಹೆದ್ದಾರಿಗಿಳಿದರೆ ಕುಡಿದವನಷ್ಟೇ ಅಪಾಯಕಾರಿಯಾಗಬಲ್ಲ. ಅವನೇ ನಾಲ್ಕು ಗಂಟೆ ಮಾತ್ರ ಮಲಗಿ ಮರುದಿನ ಪಾಳಿಗೆ ಹೋದಾಗ ಅವನ ಮುಂದಿರುವುದು ಕಾಗದದ ಕಡತವಲ್ಲ. ಒತ್ತಡ, ಉಷ್ಣತೆ, ದಹನಶೀಲ ದ್ರಾವಕಗಳಿಂದ ಕೂಡಿದ ಯಂತ್ರ. ಒಂದು ಕವಾಟವನ್ನು ತಿರುಗಿಸಲು ಮರೆತರೆ ಸಾಲದೆ? ಅಲ್ಲಿ ಅವನ ಎಚ್ಚರದ ಮೇಲೆ ಅವನೊಬ್ಬನ ಜೀವ ಮಾತ್ರ ನಿಂತಿಲ್ಲ.

ಇದಕ್ಕೆ ಎದುರು ಮಾತುಗಳಿವೆ. "ವರ್ಷಕ್ಕೆ ನಾಲ್ಕು ರಾತ್ರಿ ತಾನೆ?" ಎನ್ನುವವರಿದ್ದಾರೆ. ಪ್ಲೇಆಫ್ ಮಾತ್ರ ನೋಡುವವನಿಗೆ ಅದು ನಿಜ. ಆದರೆ ಅಭಿಮಾನಿಯಾದವನು ಅಂಕಪಟ್ಟಿಯ ಲೆಕ್ಕದಲ್ಲಿ ಎರಡು ತಿಂಗಳು ನಿದ್ದೆಗೆಟ್ಟು, ದಣಿದ ಶರೀರದೊಡನೆ ಆ ನಾಲ್ಕು ರಾತ್ರಿಗಳಿಗೆ ಕಾಲಿಡುತ್ತಾನೆ. ಇನ್ನು ಕೆಲವರು, "ಆಡುವವರಲ್ಲಿ ಕನ್ನಡಿಗರೆಷ್ಟು? ಇದು ಬರಿಯ ವ್ಯಾಪಾರ, ಟಿ.ವಿ. ಆರಿಸಿಬಿಡಿ" ಎಂದು ಸುಲಭವಾಗಿ ತೀರ್ಪು ಕೊಡುತ್ತಾರೆ. ಕಪ್ಪನ್ನು ಎತ್ತಿದ ನಾಯಕ ರಜತ್ ಪಾಟಿದಾರ್ ಮಧ್ಯಪ್ರದೇಶದವರು, ವಿರಾಟ್ ಕೊಹ್ಲಿ ದಿಲ್ಲಿಯವರು ಎಂಬುದು ದಿಟ. ಆದರೂ ಪರಸ್ಥಳದಲ್ಲಿ ಒಂಟಿಯಾಗಿರುವವನಿಗೆ ತನ್ನವರೊಡನೆ ಕೂಡಿ ಕೂಗುವ ಒಂದು ನೆಪವೂ ಬೇಕಾಗುತ್ತದೆ. ಒಂಟಿತನವೂ ಆರೋಗ್ಯಕ್ಕೆ ಹಾನಿಕರವೇ. ಆದುದರಿಂದ ಆಟವನ್ನು ಬಿಡುವುದು ಪರಿಹಾರವಲ್ಲ. ನೋಡುವ ಬಗೆಯನ್ನು ತಿದ್ದಿಕೊಳ್ಳುವುದೇ ಪರಿಹಾರ.

ಇದು ಅಷ್ಟೇನೂ ಕಷ್ಟದ ಕೆಲಸವಲ್ಲ. ಮರುದಿನ ಮೊದಲನೆಯ ಪಾಳಿಯಿದ್ದವನು ಮೊದಲ ಇನ್ನಿಂಗ್ಸ್ ನೋಡಿ ಮಲಗಲಿ. ಫಲಿತಾಂಶವು ಬೆಳಗ್ಗೆಯೂ ಅದೇ ಆಗಿರುತ್ತದೆ. ಅದು ಆಗದ ಮಾತೆಂದು ತೋರಿದರೆ ಮುಂಚೆಯೇ ಪಾಳಿಯನ್ನು ಬದಲಾಯಿಸಿಕೊಳ್ಳಲಿ, ಇಲ್ಲವೆ ರಜೆ ಹಾಕಲಿ. ರಾತ್ರಿ ಪಾಳಿಯವನು ಹಗಲಿನಲ್ಲಿ ಕೋಣೆಯನ್ನು ಕತ್ತಲೆ ಮಾಡಿ ಪೂರ್ಣ ನಿದ್ದೆ ಮಾಡಲಿ. ಮೊಬೈಲಿನಲ್ಲಿ ಪಂದ್ಯ ನೋಡುತ್ತ ಯಂತ್ರದ ಬಳಿ ನಿಲ್ಲುವುದಂತೂ ಸರ್ವಥಾ ಕೂಡದು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ದೆ ಅವಶ್ಯ. ಸಂಜೆಯ ಅನಂತರ ಕುಡಿದ ಚಹ ಕಾಫಿಗಳ ಪ್ರಭಾವ ಹಲವು ಗಂಟೆ ಉಳಿಯುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಮಾತ್ರೆಯನ್ನೂ ಊಟವನ್ನೂ ಟಾಸ್‌ಗೆ ಮೊದಲೇ ಮುಗಿಸಲಿ. ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡರೆ ಓವರ್ ಮುಗಿಯಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ವಾಯುವಿನ ತೊಂದರೆಯೆಂದು ತಳ್ಳಿಹಾಕುವುದರಲ್ಲಿ ಎಷ್ಟೋ ಜೀವಗಳು ಹೋಗಿವೆ.

ಕನ್ನಡ ಸಂಘಗಳಿಗೂ ಇಲ್ಲಿ ಕರ್ತವ್ಯವಿದೆ. ವರ್ಷಕ್ಕೊಮ್ಮೆ ರಕ್ತದೊತ್ತಡ ತಪಾಸಣೆಯ ಶಿಬಿರ ಮಾಡುವ ಸಂಘವು ಅದನ್ನು ಪ್ಲೇಆಫ್ ವಾರಕ್ಕೆ ಮೊದಲೇ ಏಕೆ ಇಡಬಾರದು? ಫೈನಲ್ ಪಂದ್ಯವನ್ನು ಸಂಘದ ಸಭಾಂಗಣದಲ್ಲಿ ಕುಟುಂಬಸಮೇತ ಒಟ್ಟಿಗೆ ನೋಡುವ ಏರ್ಪಾಡು ಮಾಡಿ, ದೂರದವರನ್ನು ವಾಹನದಲ್ಲಿ ಮನೆ ಮುಟ್ಟಿಸುವ ಹೊಣೆಯನ್ನು ಏಕೆ ಹೊರಬಾರದು? ಕೂಡಿ ನೋಡಿದರೆ ಸೋಲಿನ ಭಾರವೂ ಹಂಚಿಹೋಗುತ್ತದೆ. ಒಬ್ಬನಿಗೆ ತೊಂದರೆಯಾದರೆ ಹತ್ತು ಜನ ನೆರವಿಗಿರುತ್ತಾರೆ.

ಗೆಲುವಿನ ಮರುದಿನ, ಅಂದರೆ 2025ರ ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅವರು ಬಂದದ್ದು ಹದಿನೆಂಟು ಋತುಗಳ ಸಂತೋಷವನ್ನು ಹಂಚಿಕೊಳ್ಳಲು. ಅವರ ಮನೆಗಳಿಗೆ ಹೋದದ್ದು ಸಾವಿನ ಸುದ್ದಿ. ಆ ದುರಂತಕ್ಕೆ ಅಭಿಮಾನಿಗಳನ್ನು ದೂರುವುದು ಅನ್ಯಾಯ. ಜನಸಂದಣಿಯ ಸುರಕ್ಷಿತತೆಗೆ ವ್ಯವಸ್ಥೆ ಮಾಡುವವರೇ ಹೊಣೆ. ಆದರೆ ಮನೆಯೊಳಗಿನ ರಾತ್ರಿಗೆ, ಮರುದಿನದ ಪಾಳಿಗೆ, ಸ್ವಂತ ಎದೆಯ ಬಡಿತಕ್ಕೆ ಅಭಿಮಾನಿಯೇ ಹೊಣೆಗಾರ. ಕಪ್ಪು ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬಂದೀತು. ದೂರದ ಊರಿಗೆ ದುಡಿಯಲು ಹೋದವನು ಸುಖವಾಗಿ ಹಿಂತಿರುಗಲೆಂದು ಕಾದಿರುವ ಮನೆಯವರಿಗೆ ಅವನ ಜೀವಕ್ಕಿಂತ ದೊಡ್ಡ ಗೆಲುವು ಬೇರಿಲ್ಲ.